ಕಣ್ಣು ಕಿವಿ ಒಪ್ಪಿಸಿದವರನ್ನು ಕಾಯುವವರು ಯಾರು?

1997ರ ಡಿಸೆಂಬರ್ 16ರ ಸಂಜೆ ಜಪಾನಿನ ಮಕ್ಕಳು ಎಂದಿನಂತೆ ಟಿ.ವಿ. ಮುಂದೆ ಕೂತು ‘ಪೋಕೆಮಾನ್’ ನೋಡುತ್ತಿದ್ದರು. ಅಂದಿನ ಕಂತಿನಲ್ಲಿ ಕಂಪ್ಯೂಟರಿನೊಳಗೆ ಏನೋ ಕೆಟ್ಟಿರುತ್ತದೆ. ಅದನ್ನು ಸರಿಪಡಿಸಲು ಕಥಾನಾಯಕ ಮತ್ತು ಅವನ ಗೆಳೆಯರು ಆ ಯಂತ್ರದೊಳಗಿನ ಲೋಕವನ್ನೇ ಹೊಗುತ್ತಾರೆ. ಕತೆ ಮುಗಿಯುವ ಹೊತ್ತಿಗೆ ಅಲ್ಲೊಂದು ಸ್ಫೋಟ. ಪರದೆಯ ತುಂಬ ಕೆಂಪು, ನೀಲಿ ಬೆಳಕು ಸೆಕೆಂಡಿಗೆ ಸುಮಾರು 12 ಸಲದಂತೆ ಕೆಲವೇ ಸೆಕೆಂಡು ಮಿಣುಕಿತು. ಅಷ್ಟಕ್ಕೇ ಮಕ್ಕಳು ಕೂತಲ್ಲೇ ಕುಸಿದರು. ಕೆಲವರಿಗೆ ಫಿಟ್ಸ್ ಬಂತು, ಕೆಲವರಿಗೆ ವಾಂತಿ, ತಲೆಸುತ್ತು, ಕಣ್ಣು ಮಂಜು. ಆಂಬುಲೆನ್ಸ್ ಏರಿ ಆಸ್ಪತ್ರೆ ಸೇರಿದವರು 685 ಮಂದಿ. ಅವರಲ್ಲಿ ಬಹುಪಾಲು ಮಕ್ಕಳಿಗೆ ಅದುವರೆಗೆ ಒಮ್ಮೆಯೂ ಫಿಟ್ಸ್ ಬಂದಿರಲಿಲ್ಲ. ಏನಾಯಿತೆಂದು ತೋರಿಸಲು ಹೊರಟ ಸುದ್ದಿ ವಾಹಿನಿಗಳು ಅದೇ ದೃಶ್ಯವನ್ನು ಮತ್ತೆ ಹಾಕಿದವು; ಇನ್ನಷ್ಟು ಮಕ್ಕಳಿಗೆ ತೊಂದರೆಯಾಯಿತು.

ಅದೃಷ್ಟಕ್ಕೆ ಯಾರೂ ಸಾಯಲಿಲ್ಲ. ಹೆಚ್ಚಿನವರು ಬೇಗ ಚೇತರಿಸಿಕೊಂಡರು. ಕಾರ್ಯಕ್ರಮ ನಾಲ್ಕು ತಿಂಗಳು ನಿಂತಿತು, ಮಿಣುಕು ಬೆಳಕಿನ ಮೇಲೆ ಜಪಾನಿನ ಪ್ರಸಾರ ಸಂಸ್ಥೆಗಳು 1998ರಲ್ಲಿ ನಿಯಮ ಮಾಡಿಕೊಂಡವು. ಸೆಕೆಂಡಿಗೆ ಮೂರಕ್ಕಿಂತ ಹೆಚ್ಚು ಮಿಣುಕು ಬೇಡ ಎಂಬ ಮಾತು ಇಂದು ವೆಬ್‌ಸೈಟ್ ಕಟ್ಟುವವರ ಕೈಪಿಡಿಯಲ್ಲೂ ಇದೆ.

ಆ ಸಂಜೆಯನ್ನು ಈಗ ನೆನಪಿಸಲು ಕಾರಣವಿದೆ. ಅಂದು ಟಿ.ವಿ. ಮಕ್ಕಳಿಂದ ಕೆಲವು ಅಡಿ ದೂರದಲ್ಲಿತ್ತು. ಕೋಣೆಯಲ್ಲಿ ಬೇರೆ ದೀಪವಿತ್ತು. ಪಕ್ಕದಲ್ಲಿ ಕೂತ ತಾಯಿಗೂ ಅದೇ ಪರದೆ ಕಾಣುತ್ತಿತ್ತು, ಮಗುವಿನ ಮುಖವೂ ಕಾಣುತ್ತಿತ್ತು. ಕಣ್ಣು ಮೇಲಕ್ಕೆ ಸಿಕ್ಕಿಕೊಂಡದ್ದನ್ನು ಕಂಡ ಕೂಡಲೇ ಅವಳು ಎದ್ದು ಓಡಿದಳು. ಇಂದು ಅದೇ ಮಗು ವರ್ಚುವಲ್ ರಿಯಾಲಿಟಿ (ವಿಆರ್) ಹೆಡ್‌ಸೆಟ್ ಹಾಕಿಕೊಂಡು ಮಾಲ್‌ನ ಮೂಲೆಯಲ್ಲಿ ಅಲುಗಾಡುವ ಕುರ್ಚಿಯ ಮೇಲೆ ಕೂತಿದೆ. ಪರದೆ ಕಣ್ಣಿಗೆ ಅಂಟಿಕೊಂಡಂತಿದೆ, ಕಿವಿಯ ಮೇಲೆ ಹೆಡ್‌ಫೋನ್ ಇದೆ, ಸೊಂಟಕ್ಕೆ ಬೆಲ್ಟ್ ಇದೆ. ಮಗುವಿಗೆ ಏನು ಕಾಣುತ್ತಿದೆ ಎಂಬುದು ತಾಯಿಗೆ ಗೊತ್ತಿಲ್ಲ. ತಾಯಿಯ ಮುಖ ಮಗುವಿಗೆ ಕಾಣುವುದಿಲ್ಲ. ಮಗು ಕಿರುಚಿದರೆ ಸುತ್ತ ನಿಂತವರು ನಗುತ್ತಾರೆ, ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಾರೆ.

ನಮ್ಮ ಆತಂಕವಿರುವುದು ಇಲ್ಲೇ. ಬೇರೆ ಯಾವ ಆಟದಲ್ಲಾದರೂ ಕಿರುಚಾಟ ಕೇಳಿದರೆ ಯಾರಾದರೂ ತಿರುಗಿ ನೋಡುತ್ತಾರೆ. ಜಾತ್ರೆಯ ಜಯಂಟ್ ವೀಲ್‌ನಲ್ಲಿ ಒಂದು ತೊಟ್ಟಿಲು ವಾಲಿದರೆ ಕೆಳಗೆ ನಿಂತ ನೂರು ಜನ ಒಟ್ಟಿಗೆ ಕೂಗುತ್ತಾರೆ, ಮೋಟರ್ ನಿಲ್ಲಿಸುವವನ ಕಿವಿಗೆ ಅದು ಮುಟ್ಟುತ್ತದೆ. ವಿಆರ್ ಸಾಹಸದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಭಯವೇ ಮಾರಾಟದ ಸರಕು. ನಡುಗುವುದು, ಬೆವರುವುದು, ಕೈ ಬಡಿಯುವುದು, ‘ನಿಲ್ಲಿಸಿ’ ಎಂದು ಅರಚುವುದು, ಎಲ್ಲವೂ ಆಟ ಚೆನ್ನಾಗಿ ನಡೆಯುತ್ತಿದೆ ಎಂಬುದಕ್ಕೆ ಗುರುತು. ಆಟ ಕೆಟ್ಟು ನಿಜವಾದ ಅಪಾಯ ಎದುರಾದಾಗಲೂ ಮನುಷ್ಯ ಮಾಡುವುದು ಇವನ್ನೇ. ಆಗ ಅವನ ಕೂಗನ್ನು ಕೂಗೆಂದು ಯಾರು ಕೇಳಿಸಿಕೊಳ್ಳಬೇಕು?

ಸಿನಿಮಾ, ಕಾದಂಬರಿಗಳು ಈ ಭಯವನ್ನು ಬಹಳ ಹಿಂದೆಯೇ ಕತೆ ಮಾಡಿವೆ. ಆಟದೊಳಗೆ ಸತ್ತವನು ಹೊರಗೂ ಸಾಯುವ ಜಪಾನಿನ ‘ಸ್ವೋರ್ಡ್ ಆರ್ಟ್ ಆನ್‌ಲೈನ್’ ಕತೆಯನ್ನು ನೆಚ್ಚಿಕೊಂಡು, ವಿಆರ್ ಹೆಡ್‌ಸೆಟ್ ತಯಾರಿಸುತ್ತಿದ್ದ ಆಕ್ಯುಲಸ್ ಕಂಪನಿಯ ಸ್ಥಾಪಕ ಪಾಮರ್ ಲಕ್ಕಿ 2022ರ ನವೆಂಬರ್‌ನಲ್ಲಿ ಸ್ಫೋಟಕ ಜೋಡಿಸಿದ ಹೆಡ್‌ಸೆಟ್ ಒಂದನ್ನು ತಯಾರಿಸಿ, ಇದು ಬರೀ ಕಲಾಕೃತಿ ಎಂದು ಪ್ರಕಟಿಸಿದರು. ಜಗತ್ತಿನ ಪತ್ರಿಕೆಗಳೆಲ್ಲ ಅದನ್ನು ಬರೆದವು. ಆದರೆ ಅಂಥ ಕೊಲೆಗಡುಕ ಯಂತ್ರಕ್ಕೆ ನಾವು ಅಂಜಬೇಕಾಗಿಲ್ಲ. ಅಂಜಬೇಕಾದದ್ದು ತೀರ ಸಾಮಾನ್ಯ ಸಂಗತಿಗಳಿಗೆ: ಒಂದು ಮೇಜು, ಒಂದು ಗಾಜು, ಬೀಗ ಹಾಕಿದ ಒಂದು ಬಾಗಿಲು, ಬೇಸತ್ತ ಒಬ್ಬ ಆಪರೇಟರ್. 2017ರ ಡಿಸೆಂಬರ್‌ನಲ್ಲಿ ಮಾಸ್ಕೋದ ತನ್ನ ಮನೆಯಲ್ಲಿ ವಿಆರ್ ಕನ್ನಡಕ ಹಾಕಿಕೊಂಡು ಓಡಾಡುತ್ತಿದ್ದ 44 ವರ್ಷದ ವ್ಯಕ್ತಿಯೊಬ್ಬ ಎಡವಿ ಗಾಜಿನ ಮೇಜಿನ ಮೇಲೆ ಬಿದ್ದು ರಕ್ತಸ್ರಾವದಿಂದ ಸತ್ತದ್ದನ್ನು ರಷ್ಯಾದ ಸುದ್ದಿಸಂಸ್ಥೆ ಟಾಸ್ ವರದಿ ಮಾಡಿತು. ಬ್ರಿಟನ್ನಿನ ವಿಮಾ ಕಂಪನಿ ಅವೀವಾ, ಹೆಡ್‌ಸೆಟ್ ಹಾಕಿಕೊಂಡವರು ಮನೆಯಲ್ಲಿ ಒಡೆದುಹಾಕಿದ ವಸ್ತುಗಳಿಗಾಗಿ ಬರುವ ವಿಮಾ ಕೋರಿಕೆಗಳು 2021ರಲ್ಲಿ ಒಂದೇ ವರ್ಷಕ್ಕೆ ಶೇ 31ರಷ್ಟು ಹೆಚ್ಚಿದವು ಎಂದಿತು. ಟಿ.ವಿ. ಒಡೆದರೆ ಹೊಸದು ಬರುತ್ತದೆ. ಒಡೆದದ್ದು ಹಲ್ಲೋ ಮಣಿಕಟ್ಟೋ ತಲೆಯೋ ಆದರೆ ಆ ಲೆಕ್ಕ ಬೇರೆ.

ಯಂತ್ರ ಎಲ್ಲಿ ಕೈಕೊಡುತ್ತದೆ ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ಇಂದಿನ ಬಹುಪಾಲು ಹೆಡ್‌ಸೆಟ್‌ಗಳ ಹೊರಮೈಯಲ್ಲಿ ಪುಟ್ಟ ಕ್ಯಾಮೆರಾಗಳಿರುತ್ತವೆ. ಅವು ಕೋಣೆಯ ಗೋಡೆ, ಮೂಲೆ, ಚಿತ್ರಪಟ, ಕಿಟಕಿಯ ಚೌಕಟ್ಟುಗಳನ್ನು ಗುರುತು ಹಿಡಿದು, ತಲೆ ಎಲ್ಲಿದೆ, ಎತ್ತ ತಿರುಗಿದೆ ಎಂದು ಕ್ಷಣಕ್ಷಣವೂ ಲೆಕ್ಕ ಹಾಕುತ್ತವೆ. ನೆಲದ ಮೇಲೆ ಮೊದಲೇ ಒಂದು ಗೆರೆ ಎಳೆದುಕೊಂಡಿರುತ್ತೇವೆ. ಆ ಗೆರೆಯ ಬಳಿ ಹೋದರೆ ಕಣ್ಣೆದುರು ಜಾಲರಿಯಂಥ ಗೋಡೆಯೊಂದು ಮೂಡಿ ಎಚ್ಚರಿಸುತ್ತದೆ. ಬೆಳಕು ಕಡಿಮೆಯಾದರೆ, ಗೋಡೆ ಖಾಲಿ ಬಿಳಿಯಾಗಿದ್ದರೆ, ಎದುರಿಗೆ ಕನ್ನಡಿಯೋ ಗಾಜಿನ ಗೋಡೆಯೋ ಇದ್ದರೆ ಕ್ಯಾಮೆರಾಗಳಿಗೆ ಗುರುತು ತಪ್ಪುತ್ತದೆ. ಲೆಕ್ಕ ತಪ್ಪಿದಾಗ ಗೆರೆ ಅರ್ಧ ಮೀಟರ್ ಆಚೆ ಸರಿದರೂ ಒಳಗಿರುವವನಿಗೆ ತಿಳಿಯುವುದಿಲ್ಲ. ನಾಲ್ಕಾರು ಜನ ಒಂದೇ ಅಂಗಳದಲ್ಲಿ ಬಂದೂಕು ಹಿಡಿದು ಓಡಾಡುವ ಆಟಗಳಲ್ಲಿ ಒಬ್ಬನ ಹೆಡ್‌ಸೆಟ್ಟಿನ ಲೆಕ್ಕ ತಪ್ಪಿದರೆ, ಪರದೆಯ ಮೇಲೆ ದೂರದಲ್ಲಿ ಕಾಣುವ ಗೆಳೆಯ ನಿಜದಲ್ಲಿ ಮೂಗಿನ ಮುಂದೆಯೇ ನಿಂತಿರುತ್ತಾನೆ. ಕನ್ನಡಿ, ಗಾಜು, ಕತ್ತಲು, ಬಣ್ಣದ ದೀಪ, ಇವೆಲ್ಲ ಇರುವ ಜಾಗ ಯಾವುದು? ನಮ್ಮ ಮಾಲ್‌ಗಳ ಆಟದ ಮಳಿಗೆಗಳೇ.

ಇನ್ನು ನಮ್ಮ ದೇಹ. ತಲೆ ಹೊರಳಿದಾಗ ಚಿತ್ರವೂ ಹೊರಳಲು 20 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾಗಬಾರದು ಎಂಬುದು ಈ ಕಸುಬಿನವರು ಪಾಲಿಸುವ ಲೆಕ್ಕ. ತಡವಾದರೆ ಕಣ್ಣು ಒಂದು ಹೇಳುತ್ತದೆ, ಒಳಗಿವಿಯ ಸಮತೋಲನದ ಅಂಗ ಮತ್ತೊಂದು ಹೇಳುತ್ತದೆ. ಹೊಟ್ಟೆ ತೊಳಸುತ್ತದೆ, ಕಾಲು ತಡವರಿಸುತ್ತದೆ. ಎಲ್ಲ ಸರಿಯಾಗಿದ್ದಾಗಲೂ ದೇಹ ಎಷ್ಟು ಸುಲಭವಾಗಿ ಮೋಸಹೋಗುತ್ತದೆ ಎಂಬುದು ಸಂಶೋಧಕರಿಗೆ ಗೊತ್ತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದಲ್ಲಿ 2002ರ ಹೊತ್ತಿಗೇ ಜನರನ್ನು ಒಂದು ಸುಳ್ಳು ಪ್ರಪಾತದ ಅಂಚಿನಲ್ಲಿ ನಿಲ್ಲಿಸಿ ಎದೆಬಡಿತ ಅಳೆದಿದ್ದರು. ಕೋಣೆಯ ನೆಲ ಗಟ್ಟಿಯಾಗಿದೆ ಎಂದು ಚೆನ್ನಾಗಿ ಗೊತ್ತಿದ್ದವರ ಎದೆಯೂ ಡವಗುಟ್ಟಿತು. ಜರ್ಮನಿಯ ಸಂಶೋಧಕರು 2010ರಲ್ಲಿ ತೋರಿಸಿದ ಸಂಗತಿ ಇನ್ನೂ ವಿಚಿತ್ರ: ಹೆಡ್‌ಸೆಟ್ ಹಾಕಿದವನ ನೋಟವನ್ನು ನಿಧಾನವಾಗಿ ಓರೆ ಮಾಡುತ್ತ ಹೋದರೆ, 22 ಮೀಟರ್ ತ್ರಿಜ್ಯದ ವೃತ್ತದ ಮೇಲೆ ನಡೆಯುತ್ತಿರುವವನು ತಾನು ನೇರವಾಗಿ ನಡೆಯುತ್ತಿದ್ದೇನೆಂದೇ ನಂಬುತ್ತಾನೆ. ಸಣ್ಣ ಕೋಣೆಯಲ್ಲಿ ದೊಡ್ಡ ಕಾಡು ತೋರಿಸಲು ಈ ಉಪಾಯವನ್ನು ಬಳಸಬಹುದು. ತಪ್ಪು ಕೈಗೆ ಸಿಕ್ಕರೆ ಒಬ್ಬನನ್ನು ಅವನಿಗೇ ತಿಳಿಯದಂತೆ ಮೆಟ್ಟಿಲ ಕಡೆಗೆ ನಡೆಸಲೂ ಬಹುದು.

ಇದು ಊಹೆಯ ಮಾತಲ್ಲ. ಅಮೆರಿಕದ ನ್ಯೂ ಹೇವನ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಇಂಥದ್ದನ್ನು ಮಾಡಿ ತೋರಿಸಿದರು. ಜನಪ್ರಿಯ ವಿಆರ್ ವ್ಯವಸ್ಥೆಯೊಂದರೊಳಕ್ಕೆ ನುಸುಳಿ, ಎಚ್ಚರಿಕೆಯ ಗೆರೆಯನ್ನು ಅಳಿಸಿದರು. ಆಟಗಾರರನ್ನು ತಾವು ಬಯಸಿದ ಜಾಗಕ್ಕೆ ಅವರಿಗೆ ಅರಿವಾಗದಂತೆ ಸರಿಸಿದರು. ಷಿಕಾಗೊ ವಿಶ್ವವಿದ್ಯಾಲಯದವರು 2024ರಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಆಟದಿಂದ ಹೊರಬಂದೆ ಎಂದು ಬಳಕೆದಾರ ನಂಬುವ ಹೊತ್ತಿಗೆ ಅವನನ್ನು ನಕಲಿ ಮುಖಪುಟವೊಂದರೊಳಗೆ ಕೂಡಿಹಾಕಬಹುದೆಂದು ತೋರಿಸಿದರು. 27 ಜನರ ಮೇಲೆ ಪ್ರಯೋಗ ನಡೆಯಿತು. ಪರದೆ ಒಂದು ಕ್ಷಣ ಅದುರಿದ್ದನ್ನು ಗಮನಿಸಿದವರು 10 ಜನ. ಅವರಲ್ಲಿ ಏನೋ ಮೋಸ ನಡೆದಿದೆ ಎಂದು ಅನುಮಾನಪಟ್ಟವರು ಒಬ್ಬರೇ. ಉಳಿದ ಒಂಬತ್ತೂ ಜನ ಯಂತ್ರದ ಸಣ್ಣ ತೊಂದರೆ ಎಂದುಕೊಂಡು ಸುಮ್ಮನಾದರು. ಅವರನ್ನು ದೂರುವ ಹಾಗಿಲ್ಲ. ನಮ್ಮ ಫೋನು, ಲ್ಯಾಪ್‌ಟಾಪು ದಿನಕ್ಕೆ ಹಲವು ಸಲ ಅದುರುತ್ತವೆ, ನಿಲ್ಲುತ್ತವೆ, ನಾವು ಕಾಯುತ್ತೇವೆ. ಅದೇ ತಾಳ್ಮೆಯನ್ನು ಕಣ್ಣು ಕಿವಿ ಒಪ್ಪಿಸಿದ ಯಂತ್ರದ ಮುಂದೆಯೂ ತೋರಿಸುತ್ತಿದ್ದೇವೆ.

ಹೆಡ್‌ಸೆಟ್ಟಿನ ಹಿರಿಮೆಯನ್ನು ನಾವು ಅಲ್ಲಗಳೆಯುತ್ತಿಲ್ಲ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಹಂಟರ್ ಹಾಫ್‌ಮನ್ ಮತ್ತು ಸಂಗಡಿಗರು ರೂಪಿಸಿದ ‘ಸ್ನೋ ವರ್ಲ್ಡ್’ ಎಂಬ ಹಿಮದ ಲೋಕ, ಸುಟ್ಟಗಾಯದ ರೋಗಿಗಳಿಗೆ ಡ್ರೆಸಿಂಗ್ ಬದಲಿಸುವಾಗ ಆಗುವ ಘೋರ ನೋವನ್ನು ತಗ್ಗಿಸಿತು. ರೋಗಿ ಹಿಮದುಂಡೆ ಎಸೆಯುತ್ತಿರುತ್ತಾನೆ, ಅತ್ತ ನರ್ಸ್ ಹಸಿಗಾಯ ಒರೆಸುತ್ತಿರುತ್ತಾರೆ. ವೈದ್ಯಕೀಯಕ್ಕೆ ಇದು ದೊಡ್ಡ ಉಪಕಾರ. ಆದರೆ ಇದೇ ಪ್ರಯೋಗವನ್ನು ಮಾಲ್‌ನ ಮಳಿಗೆಯಲ್ಲಿಟ್ಟು ಯೋಚಿಸಿ. ಸುಟ್ಟ ಚರ್ಮದ ಉರಿಯನ್ನೇ ಮರೆಸಬಲ್ಲ ಸಾಧನ, ಉಳುಕಿದ ಕಾಲನ್ನೂ ಬೆಲ್ಟಿನಡಿ ಸಿಕ್ಕಿಕೊಂಡ ಬೆರಳನ್ನೂ ಮರೆಸುತ್ತದೆ. ಆಸ್ಪತ್ರೆಯಲ್ಲಿ ನೋವು ಮರೆತವನ ಪಕ್ಕದಲ್ಲಿ ತರಬೇತಾದ ನರ್ಸ್ ಇರುತ್ತಾರೆ. ಮಾಲ್‌ನಲ್ಲಿ ಯಾರಿದ್ದಾರೆ?

ಅಲ್ಲಿರುವುದು ಸಾಮಾನ್ಯವಾಗಿ ಆಗತಾನೆ ಕೆಲಸಕ್ಕೆ ಸೇರಿದ ಒಬ್ಬ ಹುಡುಗ. ಟಿಕೆಟ್ ಕೊಡುವವನೂ ಅವನೇ, ಹೆಡ್‌ಸೆಟ್ ತೊಡಿಸುವವನೂ ಅವನೇ, ಚಿಲ್ಲರೆ ಹುಡುಕುವವನೂ ಅವನೇ. ಅವನ ಮೇಲೆ ನಮಗೆ ಕೋಪವಿಲ್ಲ. ಬೆಳಗಿನಿಂದ ರಾತ್ರಿವರೆಗೆ ನಿಂತಿರುವ ಅವನಿಗೆ ಯಾರೂ ಏನೂ ಹೇಳಿಕೊಟ್ಟಿರುವುದಿಲ್ಲ. ಆದರೆ ಎಲ್ಲ ತರಬೇತಿ ಇದ್ದವರೇ ಎಚ್ಚರಿಕೆಯನ್ನು ತಪ್ಪಾಗಿ ಓದಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಆಲ್ಟನ್ ಟವರ್ಸ್ ಉದ್ಯಾನದ ದುರಂತ ಸಾಕ್ಷಿ.

2015ರ ಜೂನ್ 2ರಂದು ಅಲ್ಲಿನ ‘ಸ್ಮೈಲರ್’ ರೋಲರ್ ಕೋಸ್ಟರ್‌ನಲ್ಲಿ ಸಣ್ಣ ತೊಂದರೆ ಕಾಣಿಸಿಕೊಂಡು ಎಂಜಿನಿಯರ್‌ಗಳು ಬಂದರು. ಪರೀಕ್ಷೆಗೆಂದು ಬಿಟ್ಟ ಖಾಲಿ ಬಂಡಿಯೊಂದು ಗಾಳಿಯ ಹೊಡೆತಕ್ಕೆ ಪೂರ್ತಿ ಸುತ್ತು ಬಾರದೆ ಹಳಿಯ ತಗ್ಗಿನಲ್ಲಿ ನಿಂತುಬಿಟ್ಟಿತ್ತು. ಹಿಂದೆ 16 ಜನರನ್ನು ಹೊತ್ತ ಬಂಡಿ ಬರುತ್ತಿತ್ತು. ಕಂಪ್ಯೂಟರ್ ತನ್ನ ಕೆಲಸವನ್ನು ಸರಿಯಾಗಿ ಮಾಡಿತು: ಮುಂದಿನ ಹಳಿ ಖಾಲಿ ಇಲ್ಲ ಎಂದು ಜನರಿದ್ದ ಬಂಡಿಯನ್ನು ಮೇಲೆಯೇ ತಡೆದು ನಿಲ್ಲಿಸಿತು. ಹಳಿಯ ಮೇಲೆ ಇನ್ನೊಂದು ಬಂಡಿ ನಿಂತಿದೆಯೆಂಬುದು ತಿಳಿಯದ ಸಿಬ್ಬಂದಿ, ಕಂಪ್ಯೂಟರೇ ತಪ್ಪು ಹೇಳುತ್ತಿದೆ ಎಂದು ತೀರ್ಮಾನಿಸಿ ಆ ತಡೆಯನ್ನು ಕೈಯಾರೆ ತೆಗೆದರು. ಬಂಡಿ ಇಳಿದು ಹೋಗಿ ಖಾಲಿ ಬಂಡಿಗೆ ಗುದ್ದಿತು. ಐವರಿಗೆ ಭಾರಿ ಗಾಯಗಳಾದವು. ಇಬ್ಬರು ಯುವತಿಯರು ತಲಾ ಒಂದು ಕಾಲು ಕಳೆದುಕೊಂಡರು. ನೆಲದಿಂದ ಮೇಲೆ ಓರೆಯಾಗಿ ಸಿಕ್ಕಿಕೊಂಡಿದ್ದವರನ್ನು ಇಳಿಸಲು ನಾಲ್ಕು ಗಂಟೆಗಿಂತ ಹೆಚ್ಚು ಹಿಡಿಯಿತು. ಉದ್ಯಾನ ನಡೆಸುವ ಮರ್ಲಿನ್ ಕಂಪನಿಗೆ 2016ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ 50 ಲಕ್ಷ ಪೌಂಡ್ ದಂಡ ಹಾಕಿತು. ಹಳಿಯಲ್ಲಿ, ಬಂಡಿಯಲ್ಲಿ, ನಿಯಂತ್ರಣ ವ್ಯವಸ್ಥೆಯಲ್ಲಿ ದೋಷವಿರಲಿಲ್ಲ. ಕೆಲಸ ಮಾಡುವ ಕ್ರಮದಲ್ಲಿ ದೋಷವಿತ್ತು.

ಸ್ಮೈಲರ್ ವಿಆರ್ ಆಟವಲ್ಲ. ಅದನ್ನು ಇಷ್ಟು ವಿವರವಾಗಿ ಹೇಳಿದ್ದು, ಮುಂದೆ ನಮ್ಮಲ್ಲಿ ಆಗಬಹುದಾದ ಅನಾಹುತದ ನಕ್ಷೆ ಅದರಲ್ಲೇ ಇದೆ ಎಂಬ ಕಾರಣಕ್ಕೆ. ಯಂತ್ರ ‘ನಿಲ್ಲು’ ಎನ್ನುತ್ತದೆ, ಸರದಿಯಲ್ಲಿ ಜನ ಕಾಯುತ್ತಿರುತ್ತಾರೆ, ನಿಂತಷ್ಟು ಹೊತ್ತು ಸಂಪಾದನೆ ನಿಂತಿರುತ್ತದೆ, ಇದು ಮತ್ತದೇ ಸುಳ್ಳು ಎಚ್ಚರಿಕೆ ಎಂದು ಯಾರೋ ಒಬ್ಬರು ಗುಂಡಿ ಒತ್ತುತ್ತಾರೆ. ಹಳಿಯ ಮೇಲಿನ ಬಂಡಿಯಲ್ಲಿ ಕೂತವರಿಗೆ ಕಣ್ಣಾದರೂ ಇತ್ತು. ಎದುರಿಗೆ ಬರುತ್ತಿರುವುದನ್ನು ಕಂಡು ಮೈ ಬಿಗಿಹಿಡಿಯಲಾದರೂ ಒಂದು ಕ್ಷಣ ಸಿಗುತ್ತದೆ. ಹೆಡ್‌ಸೆಟ್ ತೊಟ್ಟವನಿಗೆ ಆ ಕ್ಷಣವೂ ಇಲ್ಲ. ಅಂದಹಾಗೆ, ಅದೇ ಆಲ್ಟನ್ ಟವರ್ಸ್ 2016ರಲ್ಲಿ ‘ಗ್ಯಾಲಕ್ಟಿಕಾ’ ಎಂಬ ಹೆಸರಿನಲ್ಲಿ ತನ್ನ ಹಳೆಯ ರೋಲರ್ ಕೋಸ್ಟರ್ ಒಂದಕ್ಕೆ ವಿಆರ್ ಹೆಡ್‌ಸೆಟ್ ಜೋಡಿಸಿ ಬಾಹ್ಯಾಕಾಶ ಯಾನವೆಂದು ಪ್ರಚಾರ ಮಾಡಿತು. ಕೆಲವೇ ವರ್ಷಗಳಲ್ಲಿ ಹೆಡ್‌ಸೆಟ್‌ಗಳನ್ನು ತೆಗೆಯಿತು.

ಇನ್ನೊಂದು ಭಯ ಬೆಂಕಿಯದು. ಇದನ್ನು ಬರೆಯುವಾಗ ಕೈ ತಡೆಯುತ್ತದೆ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನ ಗೇಮ್ ಝೋನ್‌ನಲ್ಲಿ ಬೆಂಕಿ ಬಿದ್ದು 27 ಜನ ಸತ್ತರು. ಬೇಸಿಗೆ ರಜೆಗೆ ಆಡಲು ಬಂದ ಮಕ್ಕಳು ಅವರಲ್ಲಿದ್ದರು. ವೆಲ್ಡಿಂಗ್ ಕಿಡಿ, ಗೋ ಕಾರ್ಟ್‌ಗೆಂದು ಕೂಡಿಟ್ಟ ಇಂಧನ, ಅಗ್ನಿಶಾಮಕ ಇಲಾಖೆಯ ನಿರಾಕ್ಷೇಪಣಾ ಪತ್ರವಿಲ್ಲದ ಕಟ್ಟಡ. ಗುಜರಾತ್ ಹೈಕೋರ್ಟ್ ಇದನ್ನು ಮನುಷ್ಯನಿರ್ಮಿತ ದುರಂತ ಎಂದು ಕರೆಯಿತು. ಅದಕ್ಕೂ ಮುಂಚೆ, 2019ರ ಜನವರಿ 4ರಂದು ಪೋಲೆಂಡಿನ ಕೊಶಾಲಿನ್ ಊರಿನಲ್ಲಿ ಹುಟ್ಟುಹಬ್ಬ ಆಚರಿಸಲು ‘ಎಸ್ಕೇಪ್ ರೂಮ್’ ಹೊಕ್ಕ 15 ವರ್ಷದ ಐವರು ಹುಡುಗಿಯರು ಹೊರಬರಲಾರದೆ ವಿಷಾನಿಲಕ್ಕೆ ಬಲಿಯಾದರು. ಬೀಗ ಬಿಡಿಸಿಕೊಂಡು ಹೊರಬರುವುದೇ ಆ ಆಟ. ಅನಿಲ ಸೋರಿ ಬೆಂಕಿ ಹೊತ್ತಿದಾಗ ಆಟದ ಬೀಗ ನಿಜದ ಬೀಗವಾಯಿತು. ಅದಾದ ಮೇಲೆ ಪೋಲೆಂಡ್ ದೇಶದಾದ್ಯಂತ ಇಂಥ ಕೋಣೆಗಳನ್ನು ತಪಾಸಣೆ ಮಾಡಿ ಎಷ್ಟೋ ಕಡೆ ಬಾಗಿಲು ಮುಚ್ಚಿಸಿತು. ತಪಾಸಣೆ ಒಂದು ವಾರ ಮೊದಲು ನಡೆದಿದ್ದರೆ ಐದು ಮನೆಗಳಲ್ಲಿ ಮಕ್ಕಳಿರುತ್ತಿದ್ದರು.

ಬೆಂಗಳೂರಿಗೂ ಇದು ಗೊತ್ತಿಲ್ಲದ ಪಾಠವಲ್ಲ. 2010ರ ಫೆಬ್ರುವರಿ 23ರಂದು ಹಳೆ ವಿಮಾನ ನಿಲ್ದಾಣ ರಸ್ತೆಯ ಕಾರ್ಲ್‌ಟನ್ ಟವರ್ಸ್‌ನಲ್ಲಿ ಬೆಂಕಿ ಬಿದ್ದು ಒಂಬತ್ತು ಜನ ಸತ್ತರು. ಹೊಗೆ ತುಂಬಿದ ಕಟ್ಟಡದಿಂದ ಹೊರಬರುವ ದಾರಿಗಳು ಮುಚ್ಚಿದ್ದವು. ಕಣ್ಣು ಬಿಟ್ಟುಕೊಂಡು, ಹೊಗೆಯ ವಾಸನೆ ಹಿಡಿದು, ಒಬ್ಬರನ್ನೊಬ್ಬರು ಕೂಗಿ ಕರೆಯಬಲ್ಲವರಿಗೇ ಆ ಗತಿ ಬಂತು. ಈಗಿನ ವಿಆರ್ ಸಾಹಸ ಕೇಂದ್ರಗಳು ಕಣ್ಣು, ಕಿವಿಗಳಷ್ಟಕ್ಕೇ ನಿಲ್ಲುತ್ತಿಲ್ಲ. ಅಮೆರಿಕದ ‘ದಿ ವಾಯ್ಡ್’ ಕಂಪನಿಯ ಕೇಂದ್ರಗಳಲ್ಲಿ ಲಾವಾರಸದ ದೃಶ್ಯ ಬಂದಾಗ ಮೈಗೆ ಬಿಸಿಗಾಳಿ ತಾಕುತ್ತಿತ್ತು, ವಾಸನೆಯನ್ನೂ ಬಿಡುತ್ತಿದ್ದರು. ಆ ಕಂಪನಿ 2020ರಲ್ಲಿ ಮುಚ್ಚಿತು, ಉಪಾಯ ಉಳಿಯಿತು. ಅಂಥ ಕೋಣೆಯಲ್ಲಿ ನಿಜವಾಗಿ ವೈರ್ ಸುಟ್ಟು ವಾಸನೆ ಬಂದರೆ ಒಳಗಿರುವ ಹತ್ತು ವರ್ಷದ ಹುಡುಗ ಏನೆಂದುಕೊಳ್ಳುತ್ತಾನೆ? ಆಟ ಎಷ್ಟು ಚೆನ್ನಾಗಿದೆ ಎಂದುಕೊಳ್ಳುತ್ತಾನೆ.

ಕರ್ನಾಟಕ ಈ ವಿಷಯದಲ್ಲಿ ಬರೀ ಗಿರಾಕಿಯಲ್ಲ. ಅನಿಮೇಷನ್, ಗೇಮಿಂಗ್ ಉದ್ಯಮಕ್ಕೆಂದು 2012ರಲ್ಲೇ ದೇಶದಲ್ಲಿ ಮೊದಲು ನೀತಿ ರೂಪಿಸಿದ ರಾಜ್ಯ ನಮ್ಮದು. 2024ರಿಂದ 2029ರ ಅವಧಿಯ ಹೊಸ ನೀತಿಯಲ್ಲಿ ವರ್ಚುವಲ್ ರಿಯಾಲಿಟಿಯನ್ನೂ ಒಳಗೊಂಡ ‘ಎಕ್ಸ್ಆರ್’ ಕ್ಷೇತ್ರ ಹೆಸರಿನಲ್ಲೇ ಸೇರಿದೆ. ಉದ್ಯೋಗ, ಬಂಡವಾಳ, ತರಬೇತಿ ಕೇಂದ್ರಗಳ ಬಗ್ಗೆ ಸರ್ಕಾರಕ್ಕಿರುವ ಉತ್ಸಾಹವನ್ನು ನಾವೂ ಹಂಚಿಕೊಳ್ಳುತ್ತೇವೆ. ಬೆಂಗಳೂರಿನ ಹುಡುಗ ಹುಡುಗಿಯರು ಬರೆದ ಕೋಡ್ ಜಗತ್ತಿನ ಎಷ್ಟೋ ಆಟಗಳಲ್ಲಿ ಓಡುತ್ತಿದೆ. ಹಾಗಿರುವಾಗ, ಈ ಆಟಗಳು ಸುರಕ್ಷಿತವಾಗಿ ನಡೆಯುವ ಕ್ರಮವನ್ನೂ ಇಲ್ಲಿಂದಲೇ ಬರೆಯಬೇಕು. ಅಮೆರಿಕ ಮತ್ತು ಕೆನಡಾಗಳಲ್ಲಿ ‘ಯುಎಲ್ 8400’ ಎಂಬ ಮಾನದಂಡ 2023ರಲ್ಲಿ ಬಂದಿದೆ. ಹೆಡ್‌ಸೆಟ್ಟಿನ ಬಿಸಿ, ಬ್ಯಾಟರಿ, ಭಾರ, ಮಿಣುಕುಗಳನ್ನು ಪರೀಕ್ಷಿಸಲು ಅಂಥ ದಾರಿಗಳಿವೆ. ಆದರೆ ಸಾಧನ ಸರಿಯಿದೆ ಎಂಬ ಚೀಟಿ, ಅದನ್ನು ಇಟ್ಟ ಕೋಣೆ ಸರಿಯಿದೆ ಎಂದೂ, ಅದನ್ನು ನಡೆಸುವವನು ಎಚ್ಚರವಿದ್ದಾನೆ ಎಂದೂ ಹೇಳುವುದಿಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಮುಖ್ಯ ಚಿಂತೆ ಹಣ ಕಟ್ಟಿ ಆಡುವ ಆಟ. ಜೇಬಿಗೆ ಬೀಳುವ ಕತ್ತರಿಯನ್ನು ಕಂಡ ಶಾಸನ ಮೈಗೆ ಆಗುವ ಪೆಟ್ಟನ್ನೂ ಕಾಣಬೇಕು.

ನಾವು ಕೇಳುತ್ತಿರುವುದು ದೊಡ್ಡ ಖರ್ಚಿನ ಸಂಗತಿಗಳಲ್ಲ. ಹೆಡ್‌ಸೆಟ್ ತೊಟ್ಟವರ ಮೇಲೆ ಕಣ್ಣಿಡುವುದಷ್ಟೇ ಕೆಲಸವಾಗಿರುವ ಒಬ್ಬ ವ್ಯಕ್ತಿ ಪ್ರತಿ ಮಳಿಗೆಯಲ್ಲೂ ಇರಬೇಕು. ಟಿಕೆಟ್ ಕೌಂಟರ್ ಅವನ ಪಾಲಿಗೆ ಬರಬಾರದು. ಒಳಗಿರುವವರಿಗೆ ಕಾಣುತ್ತಿರುವುದು ಹೊರಗಿನ ಪರದೆಯ ಮೇಲೂ ಕಾಣಬೇಕು. ಒಂದೇ ಗುಂಡಿಗೆ ಎಲ್ಲ ಹೆಡ್‌ಸೆಟ್‌ಗಳೂ ಕತ್ತಲಾಗದೆ ಎದುರಿನ ನಿಜವಾದ ಕೋಣೆಯನ್ನು ತೋರಿಸಬೇಕು, ಸದ್ದು ನಿಲ್ಲಬೇಕು, ಕುರ್ಚಿಗಳು ನಿಲ್ಲಬೇಕು. ಕಟ್ಟಡದ ಅಗ್ನಿ ಎಚ್ಚರಿಕೆಯ ಗಂಟೆಗೆ ಈ ಗುಂಡಿಯನ್ನು ಜೋಡಿಸಬೇಕು, ಬೆಂಕಿ ಎಂದರೆ ಯಾರ ಅಪ್ಪಣೆಗೂ ಕಾಯದೆ ಆಟ ನಿಲ್ಲಬೇಕು. ಆಟಕ್ಕೆ ಮುಂಚೆ ಆಟಗಾರ ಮತ್ತು ಆಪರೇಟರ್ ನಡುವೆ ಒಂದು ಸನ್ನೆ ಗೊತ್ತಾಗಿರಬೇಕು: ಎರಡೂ ಕೈ ತಲೆಯ ಮೇಲಿಟ್ಟರೆ ನಿಜವಾಗಿಯೂ ತೊಂದರೆಯಾಗಿದೆ ಎಂದರ್ಥ. ಕಿರುಚಾಟವನ್ನು ಆಟವೆಂದು ತಪ್ಪು ತಿಳಿಯಬಹುದು, ಮೊದಲೇ ಒಪ್ಪಿಕೊಂಡ ಸನ್ನೆಯನ್ನು ಹಾಗೆ ತಿಳಿಯಲಾಗದು. ಯಂತ್ರ ತಾನಾಗಿ ನಿಂತಾಗ, ಕಾರಣ ಕಂಡುಹಿಡಿದು ಬರೆದಿಡುವವರೆಗೆ ಮತ್ತೆ ಶುರು ಮಾಡಬಾರದು. ಈ ಕೊನೆಯ ಮಾತಿಗೆ ನಾವು ಎಲ್ಲಕ್ಕಿಂತ ಹೆಚ್ಚು ಒತ್ತು ಕೊಡುತ್ತೇವೆ. ಸ್ಮೈಲರ್ ದುರಂತ ನಡೆದದ್ದು ಆ ಒಂದು ಜಾಗದಲ್ಲಿ.

ಬಿದ್ದವರು, ಗುದ್ದಿಕೊಂಡವರು, ತಲೆಸುತ್ತಿ ಕೂತವರು, ಫಿಟ್ಸ್ ಬಂದವರು, ಎಲ್ಲರ ಲೆಕ್ಕವೂ ಒಂದು ಪುಸ್ತಕದಲ್ಲಿರಬೇಕು. ವರ್ಷಕ್ಕೊಮ್ಮೆ ಟ್ರೇಡ್ ಲೈಸೆನ್ಸ್ ನವೀಕರಿಸುವಾಗ ಅಧಿಕಾರಿ ಆ ಪುಸ್ತಕ ತೆರೆದು ನೋಡಬೇಕು. ಸಣ್ಣ ಪೆಟ್ಟುಗಳ ಲೆಕ್ಕವಿಲ್ಲದ ಕಡೆ ದೊಡ್ಡ ಪೆಟ್ಟು ಹೇಳದೆ ಬರುತ್ತದೆ. ಫೇಸ್‌ಬುಕ್ ಕಂಪನಿ 2021ರ ಜುಲೈನಲ್ಲಿ ತನ್ನ ಕ್ವೆಸ್ಟ್ 2 ಹೆಡ್‌ಸೆಟ್ಟಿನ ಮುಖಕ್ಕೆ ತಾಗುವ ಸ್ಪಂಜನ್ನು, ಸುಮಾರು 40 ಲಕ್ಷ ಸಾಧನಗಳಿಗೆ ಅನ್ವಯವಾಗುವಂತೆ, ಹಿಂದಕ್ಕೆ ಪಡೆಯಬೇಕಾಗಿ ಬಂದದ್ದು ಯಾಕೆ? ಚರ್ಮ ಕೆರಳಿತೆಂದು ಸುಮಾರು 5,716 ದೂರುಗಳು ದಾಖಲಾಗಿದ್ದವು. ದೂರು ದಾಖಲಾದದ್ದರಿಂದ ಪರಿಹಾರ ಬಂತು. ನಮ್ಮಲ್ಲಿ ಒಂದೇ ಸ್ಪಂಜನ್ನು ದಿನವಿಡೀ ನೂರಾರು ಮುಖಗಳಿಗೆ ಒತ್ತುತ್ತಾರೆ. 2023ರ ಮಳೆಗಾಲದಲ್ಲಿ ಮದ್ರಾಸ್ ಐ ರಾಜ್ಯದ ತುಂಬ ಹರಡಿದ್ದನ್ನು ಮರೆತಿಲ್ಲದವರು ಇದನ್ನು ಸಣ್ಣ ವಿಷಯ ಎನ್ನಲಾರರು.

ಮಕ್ಕಳ ವಯಸ್ಸಿನ ವಿಷಯದಲ್ಲಿ ತಯಾರಕರೇ ಗೆರೆ ಎಳೆದಿದ್ದಾರೆ. ಸೋನಿ ಕಂಪನಿ 12 ವರ್ಷಕ್ಕಿಂತ ಚಿಕ್ಕವರಿಗೆ ತನ್ನ ವಿಆರ್ ಬೇಡ ಎನ್ನುತ್ತದೆ. ಮೆಟಾ (ಹಿಂದಿನ ಫೇಸ್‌ಬುಕ್ ಕಂಪನಿ) 13 ಎನ್ನುತ್ತಿತ್ತು. 2023ರಲ್ಲಿ, ತಂದೆತಾಯಿಯ ನಿಗಾದಲ್ಲಿ 10ಕ್ಕೆ ಇಳಿಸಿತು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಜೆರೆಮಿ ಬೇಲೆನ್ಸನ್ ಮತ್ತು ಅವರ ಸಹೋದ್ಯೋಗಿ 2009ರಲ್ಲಿ ನಡೆಸಿದ ಅಧ್ಯಯನದಲ್ಲಿ, ವಿಆರ್‌ನಲ್ಲಿ ತಿಮಿಂಗಿಲಗಳ ಜತೆ ಈಜಿದ ಕೆಲವು ಪುಟ್ಟ ಮಕ್ಕಳು ಒಂದು ವಾರದ ನಂತರ ಅದು ನಿಜವಾಗಿ ನಡೆದಿತ್ತೆಂದೇ ಹೇಳಿದರು. ಈಜಿದ ನೆನಪು ಉಳಿದರೆ ಸಂತೋಷ. ಆಟ ಕೆಟ್ಟು, ಹೊರಬರಲಾಗದೆ, ಕತ್ತಲ ಗುಹೆಯಲ್ಲಿ ಯಾರೋ ಅಟ್ಟಿಸಿಕೊಂಡು ಬಂದ ನೆನಪು ಉಳಿದರೆ? ಹಾಗಿದ್ದೂ ಮಾಲ್‌ಗಳಲ್ಲಿ ಐದಾರು ವರ್ಷದ ಮಕ್ಕಳಿಗೆ, ಅಳತೆಗೆ ಹೊಂದದ ಹೆಡ್‌ಸೆಟ್ಟನ್ನು ಬಿಗಿಯಾಗಿ ಕಟ್ಟಿ ಕೂರಿಸುವುದನ್ನು ಯಾರು ಬೇಕಾದರೂ ನೋಡಬಹುದು. ಫಿಟ್ಸ್ ಇದೆಯೇ, ಮನೆಯಲ್ಲಿ ಯಾರಿಗಾದರೂ ಇತ್ತೇ ಎಂದು ಕೇಳುವವರು ಅಪರೂಪ. ಕೇಳುವ ಬದಲು ಸಹಿ ಹಾಕಿಸಿಕೊಳ್ಳುವ ಅಭ್ಯಾಸ ಬೆಳೆದಿದೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬ ಆ ಚೀಟಿಗೆ ಹೆದರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ದೋಷಯುಕ್ತ ಉತ್ಪನ್ನ ಮತ್ತು ಸೇವೆಯಿಂದಾದ ಹಾನಿಗೆ ಹೊಣೆ ಹೊರಿಸುವ ಅಧ್ಯಾಯವಿದೆ, ಗ್ರಾಹಕನ ಮೇಲೆ ಹೇರಿದ ಅನ್ಯಾಯದ ಕರಾರನ್ನು ಪ್ರಶ್ನಿಸುವ ಅವಕಾಶವಿದೆ.

ಉದ್ಯಮದ ಗೆಳೆಯರು ಒಂದು ಆಕ್ಷೇಪ ಎತ್ತುತ್ತಾರೆ: ಇಲ್ಲಿ ಇನ್ನೂ ಏನೂ ಆಗಿಲ್ಲ, ಆಗಲೇ ನಿಯಮ ಹೇರಿದರೆ ಚಿಗುರುತ್ತಿರುವ ವ್ಯಾಪಾರ ಬಾಡುತ್ತದೆ. ವ್ಯಾಪಾರ ಬಾಡಿಸುವುದು ನಿಯಮವಲ್ಲ, ಒಂದು ದುರಂತ. ರಾಜ್‌ಕೋಟ್ ಆದ ಮೇಲೆ ಗುಜರಾತಿನ ಉದ್ದಗಲಕ್ಕೂ ಗೇಮ್ ಝೋನ್‌ಗಳು ಬಾಗಿಲು ಹಾಕಬೇಕಾಯಿತು. ನೆಟ್ಟಗೆ ನಡೆಸುತ್ತಿದ್ದವರೂ ಅದರಲ್ಲಿ ಸೇರಿದ್ದರು. ಒಳ್ಳೆಯ ಕೇಂದ್ರಗಳನ್ನು ನಡೆಸುತ್ತಿರುವವರು ಮೊದಲು ಮುಂದೆ ಬಂದು ಇಂಥ ನಿಯಮ ಬೇಕೆಂದು ಕೇಳಬೇಕು. ಅದರಲ್ಲಿ ಅವರ ಹಿತವೂ ಇದೆ.

ಮಾಹಿತಿ ತಂತ್ರಜ್ಞಾನ, ಅಗ್ನಿಶಾಮಕ ಮತ್ತು ನಗರಾಭಿವೃದ್ಧಿ ಇಲಾಖೆಗಳು ಒಂದೇ ಮೇಜಿನ ಸುತ್ತ ಕೂತರೆ ಈ ಕೆಲಸ ಬೇಸಿಗೆ ರಜೆ ಶುರುವಾಗುವ ಮುಂಚೆ ಮುಗಿಯುತ್ತದೆ. ಅಲ್ಲಿಯವರೆಗೆ ಓದುಗರಲ್ಲಿ, ಮುಖ್ಯವಾಗಿ ತಂದೆತಾಯಿಯರಲ್ಲಿ ನಮ್ಮದೊಂದು ಬಿನ್ನಹ. ಮಗುವಿಗೆ ಹೆಡ್‌ಸೆಟ್ ತೊಡಿಸುವ ಮುಂಚೆ ಅಲ್ಲಿರುವವನನ್ನು ಕೇಳಿ: ‘ಇದನ್ನು ತಕ್ಷಣ ನಿಲ್ಲಿಸುವುದು ಹೇಗೆ, ಒಮ್ಮೆ ಮಾಡಿ ತೋರಿಸಪ್ಪ.’ ಅವನು ಹುಡುಕಾಡಿದರೆ ಟಿಕೆಟ್ ಹಣ ವಾಪಸ್ ಪಡೆದು ಮಗುವನ್ನು ಕರೆದುಕೊಂಡು ಹೊರಡಿ. ತೋರಿಸಿದರೆ ಆಡಲು ಬಿಡಿ, ಆದರೆ ಆಟ ಮುಗಿಯುವವರೆಗೆ ಮೊಬೈಲ್ ಜೇಬಿನಲ್ಲಿರಲಿ, ಕಣ್ಣು ಮಗುವಿನ ಮೇಲಿರಲಿ.